ಆಕಾಶದಲ್ಲಿ ಹದ್ದುಬಸ್ತು

ನಾನು ಸರ್ವೆ ಇಲಾಖೆಯಲ್ಲಿದ್ದ ಕಾಲದಲ್ಲಿ, ಬೆಂಗಳೂರಿನ ಹೊರವಲಯದ ಒಂದು ಬಡಾವಣೆಯಲ್ಲಿ ಒಂದೇ ಸೈಟನ್ನು ಇಬ್ಬರಿಗೆ ಮಾರಿದ ಮಹಾನುಭಾವರೊಬ್ಬರಿದ್ದರು. ಕೊಂಡವರಿಬ್ಬರೂ ಒಂದೇ ಶುಕ್ರವಾರ ಗುದ್ದಲಿ ಪೂಜೆಗೆ ಬಂದರು. ತೆಂಗಿನಕಾಯಿ ಒಡೆಯುವ ಮೊದಲೇ ತಲೆ ಒಡೆಯುವ ಮಾತು ಶುರುವಾಯಿತು. ಅವರಿಬ್ಬರೂ ಒಬ್ಬರ ವಂಶಾವಳಿಯನ್ನು ಇನ್ನೊಬ್ಬರು ಜಾಲಾಡುತ್ತಿದ್ದರೆ ಮಾರಿದಾತ ಬೇವಿನ ಮರದ ನೆರಳಲ್ಲಿ ನಿಂತು ಎಳನೀರು ಕುಡಿಯುತ್ತಿದ್ದರು. ಅಳತೆಗೆಂದು ಹೋಗಿದ್ದ ನನ್ನನ್ನು ಪಕ್ಕಕ್ಕೆ ಕರೆದು, 'ಇಬ್ಬರೂ ಒಳ್ಳೇ ಜನಾನೇ ಸಾರ್, ಸ್ವಲ್ಪ ಹೊಂದಾಣಿಕೆ ಸಾಲದು' ಎಂದು ಬೇಸರಪಟ್ಟುಕೊಂಡರು.

ಅವರು ತೀರಿಕೊಂಡು ಬಹಳ ವರ್ಷವಾಯಿತು. ಆದರೆ ಅವರ ಆತ್ಮ ಸುಮ್ಮನೆ ಅಲೆಯದೆ ವಿಮಾನ ಉದ್ಯಮಕ್ಕೆ ಸೇರಿಕೊಂಡಿದೆ ಎಂಬುದು, ಕಳೆದ ವರ್ಷ ಮಗಳ ಬಾಣಂತನಕ್ಕೆಂದು ಹೆಂಡತಿಯ ಜೊತೆ ಕ್ಯಾಲಿಫೋರ್ನಿಯಾಕ್ಕೆ ಹೊರಟಾಗ ಗೊತ್ತಾಯಿತು.

ವಿಷಯ ಇಷ್ಟೇ. ನನ್ನ ಮಂಡಿಗೂ ಮುಂದಿನ ಸೀಟಿನ ಬೆನ್ನಿಗೂ ನಡುವೆ ನಾಲ್ಕಿಂಚು ಜಾಗವಿದೆ. ಅದನ್ನು ಕಾಲಿಡುವ ಜಾಗ ಎಂದು ನನಗೆ ಮಾರಿದ್ದಾರೆ. ಅದೇ ನಾಲ್ಕಿಂಚನ್ನು ಬೆನ್ನು ಒರಗಿಸುವ ಜಾಗ ಎಂದು ಮುಂದೆ ಕೂತವನಿಗೂ ಮಾರಿದ್ದಾರೆ. ಅವನ ಕೈಯ ಪಕ್ಕದಲ್ಲಿರುವ ಬಟನ್ನೇ ಅವನ ಕ್ರಯಪತ್ರ. ಸ್ವಾಧೀನ ನನ್ನ ಮಂಡಿಯದು. ಮೂವತ್ತು ವರ್ಷ ಸರ್ಕಾರಿ ನೌಕರಿ ಮಾಡಿದವನಿಗೆ ಇಂಥ ಪ್ರಕರಣ ಹೇಗೆ ಮುಗಿಯುತ್ತದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಮುಗಿಯುವುದಿಲ್ಲ.

ಹೊರಡುವುದಕ್ಕೆ ತಿಂಗಳ ಮೊದಲೇ ಮಗಳು 'ಆರಾಮಾಗಿ ಬರೋದು ಹೇಗೆ' ಎಂದು ವಾಟ್ಸ್ಯಾಪಿನಲ್ಲಿ ಉದ್ದದ ಪಟ್ಟಿ ಕಳಿಸಿದ್ದಳು. ಕತ್ತಿಗೆ ದಿಂಬು, ಕಣ್ಣಿಗೆ ಪಟ್ಟಿ, ಕಿವಿಗೆ ಬಿರಟೆ, ತುಟಿಗೆ ಮುಲಾಮು, ಮೂಗಿಗೆ ಉಪ್ಪುನೀರಿನ ಸ್ಪ್ರೇ, ಕಾಲಿಗೆ ಬಿಗಿ ಸಾಕ್ಸು. ಓದುತ್ತಾ ಹೋದಂತೆ ಇದು ಪ್ರಯಾಣದ ತಯಾರಿಯೋ ಕೊನೆಯ ಪ್ರಯಾಣದ ತಯಾರಿಯೋ ಎಂದು ಅನುಮಾನ ಬಂತು. ನವದ್ವಾರಗಳಲ್ಲಿ ಏಳಕ್ಕೆ ವ್ಯವಸ್ಥೆಯಾಗಿತ್ತು. ಉಳಿದೆರಡರ ಸಂಕಟ ಮುಂದೆ ಬರುತ್ತದೆ.

ಕತ್ತಿನ ದಿಂಬನ್ನು ಹಾಕಿಕೊಂಡು ಕನ್ನಡಿಯ ಮುಂದೆ ನಿಂತೆ. ನಮ್ಮೂರಿನಲ್ಲಿ ಇಂಥದ್ದನ್ನು ಎತ್ತಿನ ಕೊರಳಿಗೆ ಹಾಕುತ್ತಿದ್ದೆವು, ಮರದಲ್ಲಿ ಮಾಡಿಸಿ. ಎತ್ತು ಅದಕ್ಕೆ ದುಡ್ಡು ಕೊಡುತ್ತಿರಲಿಲ್ಲ ಎಂಬುದಷ್ಟೇ ವ್ಯತ್ಯಾಸ. ತಲೆ ಇಡಲು ಜಾಗ ಸೀಟಿನಲ್ಲೇ ಇರಬೇಕಲ್ಲ, ಕುರ್ಚಿ ಮಾರುವವನು ಬೆನ್ನನ್ನು ಬೇರೆ ಅಂಗಡಿಯಿಂದ ತಂದುಕೊಳ್ಳಿ ಎನ್ನುತ್ತಾನೆಯೇ ಎಂದು ಕೇಳಿದೆ. 'ಅಪ್ಪಾ, ಎಲ್ರೂ ತೊಗೋತಾರೆ' ಎಂದಳು. ಎಲ್ಲರೂ ತೆಗೆದುಕೊಳ್ಳುತ್ತಾರೆ ಎಂಬುದಕ್ಕಿಂತ ದೊಡ್ಡ ಶಾಸ್ತ್ರವಾಕ್ಯ ಈ ಕಾಲದಲ್ಲಿಲ್ಲ. ತೆಗೆದುಕೊಂಡೆ.

ಸಾಕ್ಸಿನ ವಿಷಯದಲ್ಲಿ ಮಾತ್ರ ನಾನು ನಗುವುದಿಲ್ಲ. ಗಂಟೆಗಟ್ಟಲೆ ಅಲುಗಾಡದೆ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. 4 ಗಂಟೆ ಮೀರಿದ ಪ್ರಯಾಣದಲ್ಲಿ ಈ ಅಪಾಯ ಎರಡು ಪಟ್ಟಾಗುತ್ತದೆ, ಆರೋಗ್ಯವಂತರಲ್ಲಿ ಸುಮಾರು 6,000 ಮಂದಿಗೆ ಒಬ್ಬರಂತೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿತು. ಬಿಗಿ ಸಾಕ್ಸು ಹಾಕಿದವರಲ್ಲಿ ಇದು ಕಡಿಮೆ ಎನ್ನುವುದಕ್ಕೆ ವೈದ್ಯರ ಬಳಿ ಒಳ್ಳೆಯ ಸಾಕ್ಷ್ಯವಿದೆ. ಹಿಂದೆ ಈ ಕಾಯಿಲೆಗೆ 'ಎಕಾನಮಿ ಕ್ಲಾಸ್ ಸಿಂಡ್ರೋಮ್' ಎಂದೇ ಹೆಸರಿತ್ತು. ಅದು ಹಿಂದಿನ ಸಾಲಿನವರಿಗಷ್ಟೇ ಬರುವುದಲ್ಲ, ಮುಂದೆ ಮಲಗಿದವರಿಗೂ, ಅಷ್ಟೇ ಏಕೆ, ಬಸ್ಸು ಕಾರಿನಲ್ಲಿ ಕೂತವರಿಗೂ ಬರಬಹುದು ಎಂದು ಆಮೇಲೆ ತಿದ್ದಿದರು. ಬಡವರಿಗೆ ಅಂತ ಒಂದು ಕಾಯಿಲೆ ಇತ್ತು, ಅದಕ್ಕೂ ಪಾಲುದಾರರು ಬಂದರು.

ಪಟ್ಟಿಯ ಕೊನೆಯಲ್ಲಿ ಕೆಂಪು ಅಕ್ಷರದಲ್ಲಿ ಒಂದು ಸೂಚನೆ ಇತ್ತು. ಸೀಟು ಮೊದಲೇ ಆರಿಸಿಕೊಳ್ಳಿ, ಇಬ್ಬರಿಗೂ ಸೇರಿ 7,600 ರೂಪಾಯಿ. ನನಗೆ ರೇಗಿತು. ಟಿಕೆಟ್ ಕೊಂಡ ಮೇಲೆ ಸೀಟಿಗೆ ಬೇರೆ ದುಡ್ಡೆಂದರೆ, ಛತ್ರಕ್ಕೆ ಬಾಡಿಗೆ ಕೊಟ್ಟ ಮೇಲೆ ಹಸೆಮಣೆಗೆ ಬೇರೆ ಬಾಡಿಗೆ ಕೇಳಿದ ಹಾಗಾಯಿತು. 'ಮೂವತ್ತಾರು ವರ್ಷ ಒಟ್ಟಿಗೆ ಕೂತಿದ್ದೀವಿ, ಹದಿನಾರು ಗಂಟೆ ಬೇರೆ ಬೇರೆ ಕೂತ್ರೆ ಗಂಟೇನು ಹೋಗುತ್ತೆ?' ಎಂದೆ. ಹೆಂಡತಿ ಏನೂ ಹೇಳಲಿಲ್ಲ. ಅವಳು ಏನೂ ಹೇಳದಿರುವುದರಲ್ಲಿ ನಾನಾ ಬಗೆಗಳಿವೆ. ಇದು ಯಾವುದೆಂದು ಆಗ ನನಗೆ ತಿಳಿಯಲಿಲ್ಲ. ಕಂಪ್ಯೂಟರು ದಯಮಾಡಿ ನನಗೆ 38ಇ, ಅವಳಿಗೆ 39ಇ ಕೊಟ್ಟಿತು. ಅಕ್ಕಪಕ್ಕ ಕೂರಲು ಶುಲ್ಕ, ಹಿಂದೆಮುಂದೆ ಕೂರುವುದು ಉಚಿತ.

ಮಗಳು ನಮ್ಮನ್ನು ಕೇಳದೆ ಇನ್ನೊಂದು ಏರ್ಪಾಡನ್ನೂ ಮಾಡಿದ್ದಳು. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಇಳಿಯುತ್ತಿದ್ದಂತೆ ಇಬ್ಬರು ಹುಡುಗರು ಎರಡು ಗಾಲಿಕುರ್ಚಿ ತಂದು ನಿಲ್ಲಿಸಿ 'ಕೂತ್ಕೊಳಿ ಅಂಕಲ್' ಎಂದರು. ನಾನು ದಿನಾ ಬೆಳಿಗ್ಗೆ ಲಾಲ್‌ಬಾಗಿನಲ್ಲಿ ಎರಡು ಸುತ್ತು ಹಾಕುವವನು, ಬಂಡೆ ಹತ್ತಿ ಗೋಪುರದ ಹತ್ತಿರ ಸೂರ್ಯನಮಸ್ಕಾರ ಮಾಡುವವನು. ಫೋನಿನಲ್ಲಿ ಮಗಳನ್ನು ಬೈದೆ. 'ಕಾಲಿಗಲ್ಲಪ್ಪಾ, ಇಂಗ್ಲಿಷಿಗೆ' ಎಂದಳು. ನಡುವೆ ವಿಮಾನ ಬದಲಿಸುವ ಕೊಲ್ಲಿ ದೇಶದ ದೊಡ್ಡ ನಿಲ್ದಾಣದಲ್ಲಿ ಗೇಟು ಹುಡುಕುವುದು, ಅಲ್ಲಿಂದ ಮುಂದೆ ಇಮಿಗ್ರೇಷನ್ನಿನಲ್ಲಿ ಉತ್ತರ ಹೇಳುವುದು, ಇದೆಲ್ಲ ಕುರ್ಚಿ ತಳ್ಳುವವರೇ ನೋಡಿಕೊಳ್ಳುತ್ತಾರಂತೆ. ಕೂತೆ. ಬಿದಿರಿನ ಚಾವಣಿಯ ಕೆಳಗೆ, ನೇತಾಡುವ ಹೂಕುಂಡಗಳ ನಡುವೆ ಮಹಾರಾಜನ ಹಾಗೆ ಸಾಗಿದೆ. ಸಾಲಿನಲ್ಲಿ ಪಕ್ಕದ ಕುರ್ಚಿಯಲ್ಲಿದ್ದವರು ಪರಿಚಿತ ಮುಖ. ಲಾಲ್‌ಬಾಗಿನಲ್ಲಿ ದಿನಾ ನನ್ನನ್ನು ದಾಟಿಕೊಂಡು ಮುಂದೆ ಓಡುವವರು! ಇಬ್ಬರೂ ಒಂದು ಕ್ಷಣ ನೋಡಿದೆವು. ಆಮೇಲೆ ಅವರು ಚಾವಣಿಯ ಬಿದಿರನ್ನು ಎಣಿಸತೊಡಗಿದರು, ನಾನು ಹೂಕುಂಡಗಳನ್ನು.

ನಮ್ಮ ಹಿಂದೆ ಒಬ್ಬ ಅಜ್ಜಿ ನಿಜವಾಗಿಯೂ ಊರುಗೋಲು ಹಿಡಿದುಕೊಂಡು ಬೆಂಚಿನ ಮೇಲೆ ಕೂತಿದ್ದರು. ಕುರ್ಚಿ ಖಾಲಿ ಇಲ್ಲ, ಹತ್ತು ನಿಮಿಷ ಕಾಯಿರಿ ಎಂದು ಅವರಿಗೆ ಹೇಳುತ್ತಿದ್ದುದು ನನಗೆ ಕೇಳಿಸಿತು. ಸರ್ವೆ ಇಲಾಖೆಯ ಭಾಷೆಯಲ್ಲಿ ಇದಕ್ಕೆ ಒತ್ತುವರಿ ಎನ್ನುತ್ತಾರೆ. ನಾನು ಇಳಿಯಲಿಲ್ಲ. ಇಳಿದರೆ ಲಾಲ್‌ಬಾಗಿನವರ ಮುಂದೆ ನಡೆಯಬೇಕಾಗುತ್ತಿತ್ತು.

ಮೊದಲ ವಿಮಾನ ನಾಲ್ಕು ಗಂಟೆಯದು, ಅದನ್ನು ಬಿಡಿ. ಅದು ನಮ್ಮೂರ ಬಸ್ಸು. ಕೊಲ್ಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹದಿನಾರು ಗಂಟೆಯದು ನಿಜವಾದ ತೀರ್ಥಯಾತ್ರೆ. ಸೆಕ್ಯೂರಿಟಿಯವರು ಹೆಂಡತಿಯ ಉಪ್ಪಿನಕಾಯಿಯನ್ನು ಕಿತ್ತುಕೊಂಡಿದ್ದರೂ ನನ್ನ ಜೇಬಿನ ಬಟ್ಟೆಯ ಟೇಪನ್ನು ಬಿಟ್ಟಿದ್ದರು. ಕೂತ ಕೂಡಲೇ ಹಳೆಯ ಚಾಳಿಯಂತೆ ಅಳೆದೆ. ಅಗಲ 17 ಇಂಚು. ನನ್ನ ಸೀಟಿನ ಒಂದು ಬಿಂದುವಿನಿಂದ ಮುಂದಿನ ಸೀಟಿನ ಅದೇ ಬಿಂದುವಿಗೆ 31 ಇಂಚು, ಮುಂದಿನ ಸೀಟಿನ ದಪ್ಪವೂ ಅದರಲ್ಲೇ ಸೇರಿ. ಗುಣಿಸಿದರೆ 527 ಚದರ ಇಂಚು. ಬೆಂಗಳೂರಿನವರಿಗೆ ಅರ್ಥವಾಗುವಂತೆ ಹೇಳುವುದಾದರೆ, ಒಂದು 30-40ರ ಸೈಟಿನಲ್ಲಿ ಈ ಅಳತೆಯ 327 ಜನರನ್ನು ಕೂರಿಸಬಹುದು, ಸಂಪು ಮತ್ತು ಕಾರು ನಿಲ್ಲಿಸುವ ಜಾಗ ಬಿಡದಿದ್ದರೆ. ನಮ್ಮ ಬಿಲ್ಡರುಗಳಿಗೆ ಇದು ಇನ್ನೂ ಹೊಳೆದಿಲ್ಲ ಎಂಬುದೇ ನಮ್ಮ ಪುಣ್ಯ.

ಕಾಲಿನ ಬಳಿ, ಮುಂದಿನ ಸೀಟಿನ ಅಡಿಯಲ್ಲಿ, ಟಿ.ವಿ.ಗೆ ಸಂಬಂಧಪಟ್ಟ ಒಂದು ಲೋಹದ ಡಬ್ಬಿ. ಅದು 'ಅ' ಖರಾಬು, ಬಂಡೆ, ಸಾಗುವಳಿಗೆ ಯೋಗ್ಯವಲ್ಲ. ತಲೆಯ ಮೇಲಿನ ಪೆಟ್ಟಿಗೆ ಗೋಮಾಳ, ಮೊದಲು ನುಗ್ಗಿದವನ ದನಕ್ಕೆ ಮೇವು. ಎರಡು ಕಡೆಯ ಕೈಯಾಸರೆಗಳು ಬದು. ಅದನ್ನು ಎಡದವನೂ ಬಲದವನೂ ಮೊಣಕೈಯಿಂದ ಪ್ರತಿ ಗಂಟೆಗೆ ಒಂದಿಷ್ಟು ಉತ್ತುಕೊಳ್ಳುತ್ತಾರೆ. ಮಧ್ಯದ ಸೀಟಿನವನಿಗೆ ಎರಡೂ ಕೈಯಾಸರೆ ಬಿಟ್ಟುಕೊಡುವುದು ಸಂಪ್ರದಾಯವಂತೆ. ಸಂಪ್ರದಾಯ ಎಂದರೆ ಪಾಲಿಸದವನಿಗೆ ಶಿಕ್ಷೆ ಇಲ್ಲ ಎಂದರ್ಥ. ಇನ್ನು ಚಕ್ಕುಬಂದಿ ಬರೆಯೋಣವೆಂದರೆ ವಿಮಾನ ತಿರುಗಿದಂತೆಲ್ಲ ದಿಕ್ಕು ತಿರುಗುತ್ತದೆ. ಸರಿಯಾಗಿ ಉತ್ತರ ಧ್ರುವದ ಮೇಲೆ ಹೋದರಂತೂ ನಾಲ್ಕು ಕಡೆಯೂ ದಕ್ಷಿಣವೇ. ಯಾವ ತಹಶೀಲ್ದಾರರು ಇಂಥ ಪತ್ರಕ್ಕೆ ಸಹಿ ಹಾಕುತ್ತಾರೆ?

ಈ 17 ಇಂಚೂ ಮೊದಲಿನಿಂದ ಹೀಗಿರಲಿಲ್ಲ. ನಾನು ಕೂತಿದ್ದಂಥ ಬೋಯಿಂಗ್ 777 ಮೊದಲು ಪ್ರಯಾಣಿಕರನ್ನು ಹೊತ್ತದ್ದು 1995ರಲ್ಲಿ. ಆಗ ಅಡ್ಡಸಾಲಿಗೆ ಒಂಬತ್ತು ಸೀಟು. ವಿಮಾನದ ಹೊಟ್ಟೆ ಒಂದಿಂಚೂ ದಪ್ಪವಾಗದೆ ಕಾಲಕ್ರಮೇಣ ಹೆಚ್ಚಿನ ಕಂಪನಿಗಳಲ್ಲಿ ಒಂಬತ್ತು ಹತ್ತಾಯಿತು. ಆಮೇಲೆ ಬಂದ 787ರಲ್ಲಿ ಎಂಟು ಸೀಟು ಹಾಯಾಗಿ ಹಿಡಿಸುತ್ತವೆ ಎಂದು ಚಿತ್ರ ಬರೆದಿದ್ದರು. ಬಹುಪಾಲು ಕಂಪನಿಗಳು ಒಂಬತ್ತು ಹಾಕಿದವು. ಒಂದು ಜಮೀನನ್ನು ಅಣ್ಣತಮ್ಮಂದಿರಿಗೆ ಪೋಡಿ ಮಾಡುವಾಗ, ಹುಟ್ಟದೇ ಇರುವ ತಮ್ಮನಿಗೂ ಒಂದು ಪಾಲು ತೆಗೆದಿಟ್ಟ ಹಾಗೆ.

ಇದಕ್ಕೆ ಹಳೆಯ ಬೇರೂ ಇದೆ. 1958ರಲ್ಲಿ ವಿಮಾನ ಕಂಪನಿಗಳ ಒಕ್ಕೂಟವಾದ ಐಎಟಿಎ ಅಟ್ಲಾಂಟಿಕ್ ದಾಟುವವರಿಗೆ ಎಕಾನಮಿ ಎಂಬ ಅಗ್ಗದ ದರ್ಜೆ ತಂದಿತು. ಅಗ್ಗವಾದ ಮೇಲೆ ಅಗ್ಗ ಅನ್ನಿಸಬೇಕಲ್ಲ. ಆದ್ದರಿಂದ ಈ ದರ್ಜೆಯವರಿಗೆ ಬಿಸಿ ಊಟ ಕೊಡಕೂಡದು, ಸ್ಯಾಂಡ್‌ವಿಚ್ ಮಾತ್ರ ಎಂದು ಕರಾರಾಯಿತು. ಸ್ಕ್ಯಾಂಡಿನೇವಿಯದ ಕಂಪನಿಯವರು ಜಾಣರು. ಒಂದು ತುಂಡು ಬ್ರೆಡ್ಡಿನ ಮೇಲೆ ಒಂದಿಡೀ ಊಟವನ್ನೇ ಹೇರಿ, ಇದು ನಮ್ಮ ದೇಶದ ತೆರೆದ ಸ್ಯಾಂಡ್‌ವಿಚ್ ಎಂದರು. ಅಮೆರಿಕದ ಪ್ಯಾನ್ ಆ್ಯಮ್ ದೂರು ಕೊಟ್ಟಿತು. ಅಗ್ಗದ ಪ್ರಯಾಣಿಕರಿಗೆ ಊಟ ಚೆನ್ನಾಗಿದೆ ಎಂಬುದೇ ದೂರು! ಸೂಟುಬೂಟು ಹಾಕಿದ ದೊಡ್ಡ ಮನುಷ್ಯರೆಲ್ಲ ಲಂಡನ್ನಿನಲ್ಲಿ ಸೇರಿ, ಸ್ಯಾಂಡ್‌ವಿಚ್ ಎಂದರೆ ಏನು ಎಂಬ ಬ್ರಹ್ಮಜಿಜ್ಞಾಸೆ ನಡೆಸಿದರು. ಹಿಂದಿನ ಸಾಲಿನವನಿಗೆ ಕಷ್ಟ ತಾನಾಗಿ ಒದಗಿಬಂದದ್ದಲ್ಲ, ಅದಕ್ಕಾಗಿ ಸಭೆ ಸೇರಿದ್ದಾರೆ. ಹಿಂದೆ ಕೂತವನು ನರಳದಿದ್ದರೆ ಮುಂದೆ ಕೂರುವುದಕ್ಕೆ ಯಾರು ದುಡ್ಡು ಕೊಡುತ್ತಾರೆ? ನಾವು ಹಿಂದೆ ನಡೆಯುವಾಗ ಮುಂದಿನ ದರ್ಜೆಯ ಹಾಸಿಗೆಯಂಥ ಸೀಟುಗಳ ನಡುವೆಯೇ ಹಾದುಹೋಗುವಂತೆ ದಾರಿ ಮಾಡಿರುವುದೂ ಸುಮ್ಮನೆ ಇರಲಾರದು. ಮದುವೆ ಮನೆಯಲ್ಲಿ ಎರಡನೇ ಪಂಕ್ತಿಯವರನ್ನು ಮೊದಲ ಪಂಕ್ತಿಯ ಒಬ್ಬಟ್ಟಿನ ಪಕ್ಕದಲ್ಲೇ ನಡೆಸಿಕೊಂಡು ಹೋದರೆ ಎರಡನೆಯವರ ಹಸಿವೂ ಮೊದಲನೆಯವರ ರುಚಿಯೂ ಒಟ್ಟಿಗೇ ಹೆಚ್ಚುತ್ತವೆ.

ಅಮೆರಿಕದಲ್ಲಿ ಪ್ರಯಾಣಿಕರ ಸಂಘವೊಂದು ಸೀಟು ಕುಗ್ಗುತ್ತಿದೆ ಎಂದು ಕೋರ್ಟಿಗೇ ಹೋಯಿತು. 2017ರಲ್ಲಿ ನ್ಯಾಯಾಧೀಶೆ ಪೆಟ್ರೀಷಿಯಾ ಮಿಲೆಟ್ ಅವರು ಪತ್ತೇದಾರಿ ಕಾದಂಬರಿಯ ಧಾಟಿಯಲ್ಲಿ, ಇದು ನಂಬಲಾಗದಷ್ಟು ಕುಗ್ಗುತ್ತಿರುವ ವಿಮಾನ ಸೀಟಿನ ಪ್ರಕರಣ ಎಂದೇ ತೀರ್ಪು ಶುರು ಮಾಡಿದರು. ಮರುವರ್ಷ ಅಲ್ಲಿನ ಸಂಸತ್ತು, ಸೀಟಿಗೆ ಕನಿಷ್ಠ ಅಳತೆ ಗೊತ್ತುಮಾಡಿ ಎಂದು ವಿಮಾನಯಾನ ಇಲಾಖೆಗೆ ಕಾನೂನಿನಲ್ಲೇ ಬರೆದುಕೊಟ್ಟಿತು. ಇಲಾಖೆ ಎಂದರೆ ಎಲ್ಲ ದೇಶದಲ್ಲೂ ಇಲಾಖೆಯೇ. ಸುಖದುಃಖ ನಮ್ಮ ವ್ಯಾಪ್ತಿಗೆ ಬರುವುದಿಲ್ಲ, ಅಪಘಾತವಾದರೆ 90 ಸೆಕೆಂಡಿನಲ್ಲಿ ಎಲ್ಲರೂ ಹೊರಗೆ ಬರಲು ಸಾಧ್ಯವೇ ಎಂಬುದಷ್ಟೇ ನಮ್ಮ ಕೆಲಸ ಎಂದಿತು. ಓಕ್ಲಹೋಮ ಸಿಟಿಯಲ್ಲಿ ಜನರನ್ನು ಕೂರಿಸಿ ಓಡಿಸಿ ನೋಡಿದರು. ಆ ಪರೀಕ್ಷೆಯಲ್ಲಿ ಮಕ್ಕಳಿರಲಿಲ್ಲ, ಅಂಗವಿಕಲರಿರಲಿಲ್ಲ, 60 ದಾಟಿದವರಿರಲಿಲ್ಲ. ನನಗೀಗ 66. ಅಂದರೆ ಸರ್ಕಾರಿ ಲೆಕ್ಕದಲ್ಲಿ ನಾನು ಆ ವಿಮಾನದಲ್ಲಿ ಇರಲೇ ಇಲ್ಲ. 2022ರಲ್ಲಿ ಸಾರ್ವಜನಿಕರ ಅಹವಾಲು ಕರೆದಾಗ 26,000ಕ್ಕೂ ಹೆಚ್ಚು ಬಂದವಂತೆ. ಕಡತ ಎಷ್ಟು ದಪ್ಪವಾದರೂ ಅದನ್ನಿಡುವ ಬೀರುವಿಗೆ ಜಾಗದ ಕೊರತೆ ಬಂದದ್ದನ್ನು ನನ್ನ ಸರ್ವೀಸಿನಲ್ಲಿ ನಾನಂತೂ ನೋಡಿಲ್ಲ.

ಇಷ್ಟೆಲ್ಲ ಆದಮೇಲೆ ಆರಾಮಿನ ಹೊಣೆ ಯಾರ ತಲೆಗೆ ಬಂತು? ನನ್ನ ತಲೆಗೆ. ಕಣ್ಣೆದುರಿನ ಪರದೆಯಲ್ಲಿ ಒಬ್ಬ ಹೆಣ್ಣುಮಗಳು ನಗುತ್ತಾ ಪಾದ ತಿರುಗಿಸುವುದನ್ನು ಹೇಳಿಕೊಟ್ಟಳು. ಅವಳು ಕೂತಿದ್ದ ಕುರ್ಚಿಯ ಸುತ್ತ ಒಂದು ಗುಂಟೆ ಖಾಲಿ ಜಾಗ. ನೀರು ಧಾರಾಳವಾಗಿ ಕುಡಿಯಿರಿ ಎಂದಳು. ಕಾರಣವೇನೋ ಸರಿಯಾದದ್ದೇ. ಒಳಗಿನ ಗಾಳಿಯ ತೇವಾಂಶ ಸಾಮಾನ್ಯವಾಗಿ ಶೇ. 20 ದಾಟುವುದಿಲ್ಲ, ಮರಳುಗಾಡಿನ ಸಹವಾಸ. ಒತ್ತಡವೂ ನೆಲದ ಮೇಲಿನದಲ್ಲ, 6,000ದಿಂದ 8,000 ಅಡಿ ಎತ್ತರದ್ದು. ಅಂದರೆ 6,300 ಅಡಿಯ ಮುಳ್ಳಯ್ಯನಗಿರಿಯ ತುದಿಯಲ್ಲಿ, ಗಾಳಿಯೂ ಇಲ್ಲದೆ ನೋಟವೂ ಇಲ್ಲದೆ, ಹದಿನಾರು ಗಂಟೆ ಮಂಡಿ ಮಡಚಿ ಕೂತ ಹಾಗೆ. ಆದರೆ ಧಾರಾಳವಾಗಿ ನೀರು ಕುಡಿಯಲು ಅವರು ಕೊಟ್ಟದ್ದು ತೀರ್ಥದ ಉದ್ಧರಣೆಗಿಂತ ತುಸು ದೊಡ್ಡದಾದ ಲೋಟ. ಕುಡಿದರೆ ಏಳಬೇಕು. ಎದ್ದರೆ ನಿದ್ದೆಹೋದ ಪಕ್ಕದವನನ್ನು ಎಬ್ಬಿಸಬೇಕು. ಎಬ್ಬಿಸಿ ಹೊರಬಂದರೆ ಎದುರಿಗೆ ಊಟದ ಗಾಡಿ. ಗಾಡಿ ಹೋಯಿತೆನ್ನುವಾಗ ಬೆಲ್ಟು ಕಟ್ಟುವ ದೀಪ. ನಡುನಡುವೆ ಓಡಾಡುತ್ತಿರಿ ಎಂದು ಪರದೆಯ ಹೆಣ್ಣುಮಗಳು ನಗುತ್ತಲೇ ಇದ್ದಳು.

ಊಟದ ವಿಷಯದಲ್ಲಿ ಮಗಳು ಮೊದಲೇ ಎಚ್ಚರಿಸಿದ್ದಳು. 'ಅಪ್ಪಾ, ಹಿಂದೂ ಮೀಲ್ ಅಂತಿರುತ್ತೆ, ಅದನ್ನ ಒತ್ತಬೇಡಿ. ಅದರಲ್ಲಿ ಕೋಳಿ ಕುರಿ ಎಲ್ಲ ಇರುತ್ತೆ. ಏಷ್ಯನ್ ವೆಜಿಟೇರಿಯನ್ ಅಂತ ಒತ್ತಿ.' ವಿಮಾನದವರ ಸಂಕೇತದಲ್ಲಿ ಹಿಂದೂ ಊಟವೆಂದರೆ ದನದ ಮಾಂಸ ಇಲ್ಲದ್ದು ಎಂದಷ್ಟೇ ಅರ್ಥ, ಸಸ್ಯಾಹಾರ ಎಂದಲ್ಲ. ನಮ್ಮ ಬೀದಿಯ ಪುರೋಹಿತರೊಬ್ಬರು ಮಗನ ಮನೆಗೆ ಹೋಗುವಾಗ ಭಕ್ತಿಯಿಂದ ಅದನ್ನೇ ಒತ್ತಿ, ಡಬ್ಬಿ ತೆರೆದು, ಹದಿನಾರು ಗಂಟೆ ಏಕಾದಶಿ ಮಾಡಿದರು. ನಮಗೆ ಬಂದ ಪಲಾವು ಸಪ್ಪೆಯಾಗಿತ್ತು. ಅಡುಗೆಯವನನ್ನು ಬೈಯುವ ಹಾಗಿಲ್ಲ. ಜರ್ಮನಿಯ ಲುಫ್ತಾನ್ಸಾದವರು ಫ್ರೌನ್‌ಹೋಫರ್ ಸಂಸ್ಥೆಯ ವಿಜ್ಞಾನಿಗಳ ಕೈಲಿ 2010ರಲ್ಲಿ ಪರೀಕ್ಷೆ ಮಾಡಿಸಿದರು. ಮೇಲೆ ಹೋದಾಗ ನಾಲಿಗೆಗೆ ಉಪ್ಪು, ಸಿಹಿ ಮಂಕಾಗುತ್ತವೆ, ಟೊಮೆಟೊ ರಸ ಮಾತ್ರ ನೆಲದಲ್ಲಿರುವುದಕ್ಕಿಂತ ರುಚಿಸುತ್ತದೆ ಎಂದು ತಿಳಿಯಿತು. ಜರ್ಮನ್ನರು ಇದನ್ನು ಕಂಡುಹಿಡಿದು ಟೊಮೆಟೊ ಜ್ಯೂಸನ್ನು ತಣ್ಣಗೆ ಕೊಡುತ್ತಿದ್ದಾರೆ. ಅದಕ್ಕೆ ಒಂದು ಚಮಚ ಸಾರಿನಪುಡಿ, ಒಂದು ಇಂಗಿನ ಒಗ್ಗರಣೆ ಎಂದು ಹೇಳುವವರು ಆ ಸಂಸ್ಥೆಯಲ್ಲಿ ಒಬ್ಬರೂ ಇರಲಿಲ್ಲವೇ?

ಈಗ ಉಳಿದೆರಡು ದ್ವಾರಗಳ ವಿಚಾರ. ಒತ್ತಡ ಇಳಿದಾಗ ಗಾಳಿ ಹಿಗ್ಗುತ್ತದೆ. ನೆಲದಲ್ಲಿ ಮೂರು ಪಾಲು ಇದ್ದದ್ದು 8,000 ಅಡಿಯ ಒತ್ತಡದಲ್ಲಿ ನಾಲ್ಕು ಪಾಲಾಗುತ್ತದೆ. ಚಿಪ್ಸಿನ ಪೊಟ್ಟಣ ಉಬ್ಬುವುದೂ ಅದಕ್ಕೇ, ಹೊಟ್ಟೆ ಉಬ್ಬುವುದೂ ಅದಕ್ಕೇ. ಇಡೀ ವಿಮಾನದಲ್ಲಿ ಹಿಗ್ಗಿದ್ದು ಇದೊಂದೇ. 2013ರಲ್ಲಿ ನ್ಯೂಜಿಲೆಂಡ್ ಮೆಡಿಕಲ್ ಜರ್ನಲ್‌ನಲ್ಲಿ ಕೆಲವು ವೈದ್ಯರು ಈ ಬಗ್ಗೆ ಲೇಖನವನ್ನೇ ಬರೆದು, ತಡೆಹಿಡಿಯುವುದು ಆರೋಗ್ಯಕ್ಕೆ ಒಳ್ಳೆಯದಲ್ಲ, ಸುಮ್ಮನೆ ಬಿಟ್ಟುಬಿಡಿ ಎಂದು ಶಿಫಾರಸು ಮಾಡಿದರು, ಸೀಟಿನ ದಿಂಬಿನಲ್ಲಿ ಇದ್ದಿಲು ಸೇರಿಸಬಹುದು ಎಂದೂ ಸೂಚಿಸಿದರು. ಆ ವೈದ್ಯರು ಹಿಂದಿನ ರಾತ್ರಿ ಅವರೆಕಾಳು ಹುಳಿ ತಿಂದ ನಮ್ಮ ಜನರ ಜೊತೆ ಮಧ್ಯದ ಸೀಟಿನಲ್ಲಿ ಕೂತು ಇದನ್ನು ಬರೆದಿರಲಾರರು.

ಇನ್ನು ಶೌಚಾಲಯ. ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತು ಒಳಗೆ ಹೋದರೆ ಕಾಗದವಿದೆ, ನೀರಿಲ್ಲ. ಇದ್ದರೂ ಬೆರಳಿನಿಂದ ಒತ್ತಿ ಹಿಡಿದಷ್ಟು ಹೊತ್ತು ಬರುವ ಒಂದು ಎಳೆ. ಅನುಭವಸ್ಥರು ಖಾಲಿ ಬಾಟಲಿ ಹಿಡಿದುಕೊಂಡು, ಯಾರ ಮುಖವನ್ನೂ ನೋಡದೆ, ಏನೂ ಆಗಿಲ್ಲವೆಂಬಂತೆ ನಡೆಯುತ್ತಾರೆ. ಆ ಬಾಟಲಿ ನೋಡಿಯೇ ನಮ್ಮವರು ಎಂದು ಗುರುತು ಹಿಡಿಯಬಹುದು, ಪಾಸ್‌ಪೋರ್ಟ್ ಬೇಕಿಲ್ಲ. ಸೀಟು, ಊಟ, ನಿದ್ದೆ, ಎಲ್ಲ ವಿಷಯದಲ್ಲೂ ಪ್ರಯಾಣಿಕನಿಗೆ ಚೊಂಬು ಕೊಡುವವರು, ಅದು ನಿಜವಾಗಿ ಬೇಕಾದ ಈ ಒಂದು ಜಾಗದಲ್ಲಿ ಕೊಡುವುದಿಲ್ಲ.

ತಿರುಗಿ ಬರುವಷ್ಟರಲ್ಲಿ ಮುಂದಿನ ಸೀಟಿನ ಯುವಕ ಬಟನ್ ಒತ್ತಿದ್ದ. ನನ್ನ ನಾಲ್ಕಿಂಚು ಹೋಗಿತ್ತು. ಎದುರಿನ ಪರದೆ ಮೂಗಿನ ತುದಿಗೆ ಬಂದು, ಅದರಲ್ಲಿನ ಪುಟ್ಟ ವಿಮಾನ ನನ್ನ ಎಡಗಣ್ಣಿನಿಂದ ಬಲಗಣ್ಣಿಗೆ ಹಾರುತ್ತಿತ್ತು. ಅವನ ನೆತ್ತಿಯ ಸುಳಿ ನನಗೆ ಎಷ್ಟು ಹತ್ತಿರವಿತ್ತೆಂದರೆ ಹರಳೆಣ್ಣೆ ಇದ್ದಿದ್ದರೆ ಹಚ್ಚಬಹುದಿತ್ತು. ಗಗನಸಖಿಯನ್ನು ಕರೆದು ಕೈಸನ್ನೆಯಲ್ಲೂ ಹರಕು ಇಂಗ್ಲಿಷಿನಲ್ಲೂ ದೂರು ಹೇಳಿದೆ. ಪಾಪ, ಆಕೆಯದೇನೂ ತಪ್ಪಿಲ್ಲ. ಅವರಿಗೆ ಒರಗುವ ಹಕ್ಕಿದೆ, ನಿಮಗೂ ಇದೆ, ದಯವಿಟ್ಟು ಹೊಂದಿಕೊಳ್ಳಿ ಎಂದು ನಕ್ಕು ಹೋದಳು. ಬೇವಿನ ಮರದ ಕೆಳಗೆ ಯಾರೋ ಎಳನೀರು ಹೀರಿದ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

ಅಮೆರಿಕದಲ್ಲಿ ಒಬ್ಬ ಇದಕ್ಕೆ ಬೇಲಿ ಹಾಕಿ ನೋಡಿದ್ದಾನೆ. ಮುಂದಿನ ಸೀಟು ಒರಗದಂತೆ ತಡೆಯುವ ಪ್ಲಾಸ್ಟಿಕ್ ತುಂಡುಗಳು ಮಾರಾಟಕ್ಕೇ ಸಿಗುತ್ತಿದ್ದವು. 2014ರಲ್ಲಿ ಡೆನ್ವರ್‌ಗೆ ಹೊರಟಿದ್ದ ವಿಮಾನದಲ್ಲಿ ಒಬ್ಬ ಅದನ್ನು ಸಿಕ್ಕಿಸಿದ, ಮುಂದಿನ ಹೆಂಗಸು ಅವನ ಮುಖಕ್ಕೆ ನೀರೆರಚಿದಳು, ವಿಮಾನವನ್ನು ಶಿಕಾಗೊದಲ್ಲಿ ಇಳಿಸಿ ಇಬ್ಬರನ್ನೂ ಹೊರಗೆ ಹಾಕಿದರು. ಆ ಇಬ್ಬರೂ ಕಾಲಿಗೆ ಹೆಚ್ಚು ಜಾಗ ಕೊಟ್ಟು ಹೆಚ್ಚು ದುಡ್ಡು ಕೇಳುವ ಸಾಲಿನಲ್ಲಿ ಕೂತಿದ್ದವರು. ಹಾಗಾಗಿ ಜಾಗ ಹೆಚ್ಚಾದರೆ ಜಗಳ ಕಡಿಮೆಯಾಗುತ್ತದೆ ಎಂದು ನಾನೂ ಹೇಳುವುದಿಲ್ಲ. ಹತ್ತು ಎಕರೆ ಇದ್ದವನೇ ಒಂದು ಅಡಿ ಬದುವಿಗೆ ಕೋರ್ಟಿಗೆ ಬಂದದ್ದನ್ನು ನೋಡಿದವನು ನಾನು.

ಎಂಟು ಗಂಟೆ ನೆಟ್ಟಗೆ ಕೂತೆ. ಹಠದಿಂದ, ತತ್ವಕ್ಕಾಗಿ. ನನಗೆ ಆದ ಅನ್ಯಾಯವನ್ನು ಹಿಂದಿನವರಿಗೆ ಮಾಡಬಾರದೆಂಬ ತತ್ವ. ಒಂಬತ್ತನೇ ಗಂಟೆಗೆ ತತ್ವ ಸೊಂಟದ ಹತ್ತಿರ ನೋಯತೊಡಗಿತು. ಸುತ್ತ ನೋಡಿದೆ. ದೀಪ ಆರಿಸಿದ್ದರು. ಸಾಲುಸಾಲಾಗಿ ಎಲ್ಲರೂ ಹಿಂದಿನವರ ಮೇಲೆ ಒರಗಿ ಮಲಗಿದ್ದರು, ಮಳೆಗೆ ಬಿದ್ದ ರಾಗಿ ಪೈರಿನ ಹಾಗೆ. ಮೆಲ್ಲಗೆ ಬಟನ್ ಒತ್ತಿದೆ. ಬೆನ್ನು ಹಿಂದಕ್ಕೆ ಹೋಯಿತು. ಸ್ವರ್ಗ ನಾಲ್ಕಿಂಚು ದೂರದಲ್ಲೇ ಇತ್ತು.

ನೆತ್ತಿಯ ಮೇಲೆ ಬೆರಳ ಗೆಣ್ಣು ಬಿತ್ತು.

'ರೀ. ಮುಂದಿನೋನಿಗೆ ಒಂದು ಮಾತು ಹೇಳೋಕ್ಕಾಗ್ಲಿಲ್ಲ, ಹಿಂದೆ ಇರೋಳು ಇವಳೇ ತಾನೆ ಅಂತ ತಳ್ಳಿದ್ರಾ?'

'ನಿನಗೂ ಬಟನ್ ಇದೆಯಲ್ಲೇ. ನೀನೂ ಒತ್ಕೋ.'

'ನನ್ನ ಹಿಂದೆ ಹಸುಗೂಸು ಎತ್ಕೊಂಡು ಒಬ್ಳು ಬಾಣಂತಿ ಕೂತಿದಾಳೆ. ನಾವು ಹೊರಟಿರೋದು ಯಾವ ಕೆಲಸಕ್ಕೆ, ನೆನಪಿದೆಯಾ?'

ನನ್ನ ಬಳಿ ಉತ್ತರವಿರಲಿಲ್ಲ. ಇರಲಿಲ್ಲವಾದ್ದರಿಂದ, ಬಾಯಿಗೆ ಬಂದದ್ದನ್ನು ಹೇಳಿದೆ.

'ಸ್ವಲ್ಪ ಹೊಂದಾಣಿಕೆ ಮಾಡ್ಕೊಳೇ.'

ಹಿಂದಿನಿಂದ ಏನೂ ಕೇಳಿಸಲಿಲ್ಲ. ಅವಳು ಏನೂ ಹೇಳದಿರುವುದರ ನಾನಾ ಬಗೆಗಳಲ್ಲಿ ಇದು ಯಾವುದೆಂದು ಯೋಚಿಸುವಷ್ಟರಲ್ಲಿ ಕಣ್ಣು ಎಳೆಯಿತು. ನಿಜ ಹೇಳುತ್ತೇನೆ, ಒಳ್ಳೆಯ ನಿದ್ದೆ. ಕತ್ತಿನ ನೊಗವೂ ಬೇಕಾಗಲಿಲ್ಲ.

ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕುರ್ಚಿ ತಳ್ಳುವವರು ಇಮಿಗ್ರೇಷನ್ ದಾಟಿಸಿ, ಸೂಟ್‌ಕೇಸುಗಳನ್ನು ಗಾಡಿಗೆ ಹೇರಿ, ಬಾಗಿಲಿನವರೆಗೂ ತಂದುಬಿಟ್ಟರು. ಮಗಳು ಕಂಡದ್ದೇ ನಾನು ಕುರ್ಚಿಯಿಂದ ಎದ್ದು ಮೂರು ಸೂಟ್‌ಕೇಸಿನ ಗಾಡಿಯನ್ನು ತಳ್ಳಿಕೊಂಡು ಓಡಿದೆ. ಲಾಲ್‌ಬಾಗಿನವರಾಗಲೇ ನನಗಿಂತ ಮುಂದೆ ಓಡುತ್ತಿದ್ದರು.

ತುಂಬಿದ ಬಸುರಿ ಮಗಳು ನನ್ನ ಕೈ ಹಿಡಿದುಕೊಂಡು, 'ಅಪ್ಪಾ, ಆರಾಮಾಗಿ ಬಂದ್ರಾ?' ಎಂದಳು.

'ಪರವಾಗಿಲ್ಲಮ್ಮ. ಒಂದು ನಿದ್ದೆ ಆಯ್ತು.'

'ಆಗ್ದೆ ಏನು?' ಹಿಂದಿನಿಂದ ಹೆಂಡತಿಯ ದನಿ, ಹದಿನಾರು ಗಂಟೆಯಲ್ಲಿ ಬಳಸದೆ ಉಳಿಸಿಟ್ಟದ್ದು. 'ಅರ್ಧ ದಾರಿಯಿಂದ ನನ್ನ ತೊಡೆ ಮೇಲೇ ಮಲಗಿ ಬಂದಿದಾರೆ ನಿಮ್ಮಪ್ಪ. ವಾಪಸ್ ಹೋಗೋವಾಗ ನನ್ನ ಸೀಟು ಈಗ್ಲೇ ಬುಕ್ ಮಾಡಿಡು. ದುಡ್ಡು ಎಷ್ಟಾದ್ರೂ ಆಗ್ಲಿ. ಅಕ್ಕಪಕ್ಕ ಬೇಡ. ಇವರ ಮುಂದಿನ ಸೀಟು.'